ಮೇಸ್ತ್ರಿಗಿರಿ

“ಹೆಂಗಸರಿಗೆ ಉಚ್ಚೆ ಹೊಯ್ಯಿಸೋಕಾ ನಿನ್ನ ಮೇಸ್ತ್ರಿ ಮಾಡಿದ್ದು, ಬೋಸುಡಿ?”

ಧಣಿ ಬೆಂಡೆಯ ಸಾಲಿನ ನಡುವೆ ನಿಂತು ನನ್ನ ಓರಗಿತ್ತಿಯನ್ನು ಬೈಯುತ್ತಿದ್ದರೆ, ಸುಳ್ಳೇಕೆ ಹೇಳಲಿ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಈ ಮನೆಗೆ ಮೊದಲು ಸೊಸೆಯಾಗಿ ಬಂದವಳು ನಾನು. ಮೈದುನ ಅವಳನ್ನು ಕಟ್ಟಿಕೊಂಡು ಬಂದದ್ದು ಆಮೇಲೆ. ಬೀಜ ಕಟ್ಟಲು ಗಂಡು ಸಾಲಿನ ಹೂವಿನ ಪುಡಿಯನ್ನು ಹೆಣ್ಣು ಸಾಲಿನ ಹೂವಿಗೆ ಹೇಗೆ ಮುಟ್ಟಿಸಬೇಕೆಂದು ಕೈ ಹಿಡಿದು ಕಲಿಸಿದವಳೂ ನಾನೇ. ಆದರೆ ಬೀಜದ ಕಂಪನಿಯವರು ಹೆಣ್ಣೊಬ್ಬಳನ್ನು ಮೇಸ್ತ್ರಿ ಮಾಡಿ ಎಂದಾಗ ಧಣಿಯ ಬೆರಳು ಅವಳತ್ತ ತಿರುಗಿತು. ಅಂದಿನಿಂದ ಅವಳು ಕೊಡೆ ಹಿಡಿದು ಬದುವಿನ ಮೇಲೆ, ನಾನು ಮೈಯೆಲ್ಲ ನವೆಯೆಬ್ಬಿಸುವ ಗಿಡಗಳ ನಡುವೆ. ನನ್ನ ಗಂಡನೂ ಊಟಕ್ಕೆ ಕೂತಾಗ, “ಅವಳನ್ನ ನೋಡಿ ಕಲಿತ್ಕೋ” ಅನ್ನುತ್ತಿದ್ದ.

ಅವಳು ಮಾಡಿದ ತಪ್ಪು ಇಷ್ಟೇ. ಬೆಳಗಿನ ಹೊತ್ತು ಯಾರೂ ಸಾಲು ಬಿಟ್ಟು ಹೋಗುವ ಹಾಗಿಲ್ಲ. ಬಿಸಿಲೇರಿ ಹೂವು ಮುದುಡಿದರೆ ಅವತ್ತಿನ ಬೀಜ ಹೋದಂತೆಯೇ. ಅವಳು ಒಬ್ಬೊಬ್ಬರನ್ನಾಗಿ ಬೇಲಿಯಾಚೆ ಕಳಿಸುತ್ತಿದ್ದಳು. ನಾನೂ ಹೋಗಿ ಬಂದಿದ್ದೆ. ನಮ್ಮ ಜೊತೆ ಕೂಲಿಗೆ ಬರುವ ಬಸುರಿಯೊಬ್ಬಳ ಸರದಿ ಬರುವಷ್ಟರಲ್ಲಿ ಧಣಿ ವಕ್ಕರಿಸಿದ್ದ.

“ಬಸುರಿ ಹೆಂಗಸು ಎಷ್ಟೊತ್ತು ತಡ್ಕೊಂಡಿರ್ತಾಳೆ ಧಣಿ?” ಎಂದಳು ಓರಗಿತ್ತಿ. ತಲೆ ತಗ್ಗಿಸಲಿಲ್ಲ. ಆ ಧೈರ್ಯ ಕಂಡೂ ನನಗೆ ಹೊಟ್ಟೆ ಉರಿಯಿತು.

“ಅಷ್ಟು ಅವಸರ ಇದ್ರೆ ನಿಂತಲ್ಲೇ ಹೊಯ್ಕೊಳ್ಲಿ.” ಧಣಿ ಅವಳ ಕೊಡೆ ಕಿತ್ತು ನನ್ನ ಕೈಗೆ ತುರುಕಿದ. “ಏಯ್ ದೊಡ್ಡೋಳೇ, ಇವತ್ತಿಂದ ನೀನೇ ಮೇಸ್ತ್ರಿ. ಈ ಮುಂಡೇನ ಸಾಲಿಗೆ ಇಳಿಸು. ಮಧ್ಯಾಹ್ನದ ತನಕ ಒಬ್ಬಳೂ ಅಲ್ಲಾಡಬಾರ್ದು.”

ನಾನು ಬದು ಹತ್ತಿದೆ. ಎಲ್ಲರ ತಲೆಗಳೂ ಕೆಳಗೆ ಕಂಡವು. ಓರಗಿತ್ತಿ ನನ್ನ ಜಾಗದಲ್ಲಿ ಹೋಗಿ ನಿಂತಳು. “ನಿನ್ನ ಸಾಲು ನಾನು ಮುಗಿಸ್ತೀನಿ ಬಿಡಕ್ಕ” ಎಂದಳು. ಮಾತಿನಲ್ಲಿ ಕೊಂಕಿದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಇರಲಿಲ್ಲ.

ಬಸುರಿ ಕಾಲಿಗೆ ಕಾಲು ಹೆಣೆದುಕೊಂಡು ನನ್ನನ್ನೇ ನೋಡುತ್ತಿದ್ದಳು. “ಅಕ್ಕಾ, ಒಂದ್ಸಲ ಹೋಗ್ಬರ್ತೀನಿ…”

“ಕೇಳು, ಹೊಸ ಮೇಸ್ತ್ರೀನ ಕೇಳು” ಎಂದು ಧಣಿ ಹಲ್ಲು ಕಿರಿದ.

ನಾನು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ. ಅಷ್ಟರಲ್ಲಿ ಅವಳ ಸೀರೆಯ ಅಂಚಿನಿಂದ ನೀರು ಇಳಿದು ಮಣ್ಣು ಒದ್ದೆಯಾಯಿತು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಒಳ್ಳೇದೇ ಆಯ್ತು. ಗೊಬ್ಬರದ ಖರ್ಚು ಉಳೀತು” ಎಂದ ಧಣಿ.

ನನ್ನ ಮೈಗೆ ಬೆಂಕಿ ಹತ್ತಿದಂತಾಯಿತು. “ಕೈ ತೆಗೀರೇ ಹೂವಿನ ಮೇಲಿಂದ!” ಎಂದು ಕಿರುಚಿದೆ. “ಎಲ್ರೂ ಆಚೆ ಬನ್ನಿ!”

ಒಬ್ಬಳೂ ಅಲ್ಲಾಡಲಿಲ್ಲ. ಅಷ್ಟೂ ಜನರ ಕಣ್ಣು ಓರಗಿತ್ತಿಯ ಕಡೆ ಹೋಯಿತು. ಅವಳು ಪುಡಿಯ ಡಬ್ಬಿ ನೆಲಕ್ಕಿಟ್ಟು ತಲೆಯಾಡಿಸಿದಳು. ಆಮೇಲೆಯೇ ಸಾಲುಗಳು ಬರಿದಾದವು.

ನಾನು ಕೊಟ್ಟ ಮೊದಲ ಹುಕುಂ. ಅದಕ್ಕೂ ಅವಳ ಅಪ್ಪಣೆ ಬೇಕಾಯಿತು!

“ಹೂವು ಹೋಗ್ತವೆ ಕಣ್ರೇ, ಲೌಡಿ ಮುಂಡೇವಾ!” ಧಣಿ ಬೊಬ್ಬೆ ಹೊಡೆಯುತ್ತಿದ್ದ. ಬಿಸಿಲು ಏರುತ್ತಿತ್ತು. ಓರಗಿತ್ತಿ ಬದು ಹತ್ತಿ ಬಂದು ನನ್ನ ಪಕ್ಕ ನಿಂತಳು.

“ಆಚೆ ಸರಿ” ಎಂದೆ. “ಇವತ್ತು ಮೇಸ್ತ್ರಿ ನಾನು.”

ಅವಳು ಸರಿದಳು. ನಾನು ಹೆಂಗಸರ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದೆ: “ಕೂತ್ಕೊಳ್ರೇ! ಇವತ್ತು ಯಾರೂ ಹೂವು ಮುಟ್ಬೇಡಿ!”

ಎಲ್ಲರೂ ಕೂತರು. ಈ ಸಲ ಯಾರೂ ಅವಳ ಮುಖ ನೋಡಲಿಲ್ಲ.