ಕೊನೆಯ ಡಬ್ಬಿಯಿಂದ ಇಳಿದವನು

ಕುದಿಸಿದ ಮೈದಾ ಅಂಟಿನ ಮಂದವಾದ, ಬೆಚ್ಚನೆಯ ವಾಸನೆ... ಅದರೊಡನೆ ಬೆರೆತ ಹೊಸ ಕಾಗದದ, ರಟ್ಟಿನ, ನೂಲಿನ ಕಂಪು! ಪುಸ್ತಕಗಳಿಗೆ ರಟ್ಟು ಕಟ್ಟುವ ತಾತನ ಮನೆಯ ಹೊಸ್ತಿಲಲ್ಲಿ ಚೀಲ ಇಳಿಸಿದೊಡನೆ ಮೊಮ್ಮಗಳು ಗುಬ್ಬಿಗೆ ತನ್ನ ಬಾಲ್ಯವೇ ಎದ್ದುಬಂದು ಅಪ್ಪಿಕೊಂಡಂತಾಯಿತು. ಕಾಲೇಜಿನ ಪರೀಕ್ಷೆಗಳು ಮುಗಿದಿದ್ದವು. ಹಾಸ್ಟೆಲಿನ ಗಂಟೆಯ ಕರ್ಕಶ ದನಿ ಬಹುದೂರ ಉಳಿದಿತ್ತು. ಕಿಟಕಿಯಿಂದಿಳಿದ ಶರತ್ಕಾಲದ ಹಿತವಾದ ಬಿಸಿಲು ಕೆಲಸದ ಮೇಜಿನ ಮೇಲೆ ಜೇನಿನಂತೆ ಹರಡಿ, ಅಂಚಿನಲ್ಲಿ ಅಂಟು ಒಣಗಿದ ಪಾತ್ರೆಯನ್ನೂ ಹೊನ್ನಾಗಿಸಿತ್ತು. ನೆಲದ ಮೇಲೆ ಮೂವರಿಗೂ ಒಂದೇ ಚಾಪೆ, ಎದುರಿಗೆ ಟೀವಿಯಲ್ಲಿ ಮಧ್ಯಾಹ್ನದ ಸಿನಿಮಾ... ರಜೆಯ ಸುಖವೆಂದರೆ ಇನ್ನೇನು, ಸಹೃದಯ ಓದುಗರೇ!

ಆದರೆ ಆ ಮನೆಯಲ್ಲಿ ಸಿನಿಮಾ ನೋಡುವ ರೀತಿಯೇ ಬೇರೆ. ಅಜ್ಜಿಯ ಕಣ್ಣ ಬೆಳಕು ಮಾಸಿ ವರ್ಷಗಳೇ ಸಂದಿದ್ದವು. ಮಾತುಗಳನ್ನು ಅವರು ತಾವೇ ಕೇಳುತ್ತಿದ್ದರು. ಮಾತಿಲ್ಲದೆಡೆ, ಒಂದು ನೋಟವೋ ನಸುನಗೆಯೋ ಮಿಂಚಿ ಮರೆಯಾಗುವೆಡೆ, ತಾತನ ದನಿಯೇ ಅವರಿಗೆ ಕಣ್ಣಾಗುತ್ತಿತ್ತು.

ಈ ಸಲ ಆ ದನಿಯೇ ಇರಲಿಲ್ಲ! ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಮೌನವಾಗಿರಲು ಹೇಳಿದ್ದ ಡಾಕ್ಟರು, ಈಗ ಮಾತಾಡಿ ನೋಡಬಹುದೆಂದಿದ್ದರು. ದನಿ ಮರಳುವುದೆಂಬ ಭರವಸೆಯನ್ನು ಮಾತ್ರ ಕೊಟ್ಟಿರಲಿಲ್ಲ. ತಾತ ಮಾತಾಡಿ ನೋಡಿಯೇ ಇರಲಿಲ್ಲ. ಬಾಯ್ದೆರೆದಾಗ ಬರಿಯ ಗಾಳಿ ಹೊರಟರೆ...?

“ಇವರು ಹೀಗೇ ಕೂತ್ರೆ ನಾನು ಜಗಳ ಆಡೋದು ಯಾರ ಹತ್ರ?” ಎಂದು ಅಜ್ಜಿ ನಕ್ಕರೂ ನಗೆಯ ಅಂಚು ನಡುಗಿತು. “ಇವತ್ತು ನೀನೇ ಹೇಳಮ್ಮ, ಗುಬ್ಬಿ.”

“ಪಾಠ ಒಪ್ಪಿಸಿದ ಹಾಗೆ ಹೇಳ್ತೀನಿ. ಆಮೇಲೆ ಬೈಬಾರ್ದು, ಅಷ್ಟೇ.”

ಅದೊಂದು ಹಳೆಯ ಕಪ್ಪು-ಬಿಳುಪಿನ ಚಿತ್ರ. ಅಜ್ಜಿಯ ಕಣ್ಣು ಮಾಸಿದ ಮೇಲೆ ಆ ದಂಪತಿಗಳು ಮತ್ತೆ ಮತ್ತೆ ನೋಡಿದ್ದು. ಕಡೆಯ ದೃಶ್ಯದಲ್ಲಿ ಮಾತಿಲ್ಲ. ಮಂಜು ಕವಿದ ನಿಲ್ದಾಣದಲ್ಲಿ ಒಬ್ಬಳೇ ಹೆಣ್ಣು, ಪ್ರಿಯತಮನಿಗಾಗಿ ಕಾಯುತ್ತಾಳೆ. ರೈಲು ಬಂದು ನಿಂತಿತು. ಅಜ್ಜಿಯ ಬೆನ್ನ ಹಿಂದೆ ತಾತ ತಮ್ಮ ಅಂಗೈಯ ಮೇಲೆ ಎರಡು ಬೆರಳುಗಳನ್ನು ಕಾಲುಗಳಂತೆ ನಡೆಸಿ ಮೆಲ್ಲನೆ ಕೆಳಗಿಳಿಸಿ ತೋರಿಸಿದರು. ಕಣ್ಣಲ್ಲಿ ಎಂಥ ಮೊರೆ! ಬೇಗ ಹೇಳು ಎನ್ನುತ್ತಿದ್ದಾರೆಂದು ಭಾವಿಸಿದ ಗುಬ್ಬಿ, ಕಂಡದ್ದನ್ನು ಕಂಡಂತೆಯೇ ಹೇಳಿಬಿಟ್ಟಳು.

“ಯಾರೂ ಇಳೀಲಿಲ್ಲ ಅಜ್ಜಿ. ರೈಲು ಹೊರಟೇ ಹೋಯ್ತು.”

“ಇಳೀಲಿಲ್ವಾ...?” ಅಜ್ಜಿಯ ಕೈ ಚಾಪೆಯ ಮೇಲೆ ತಾತನ ಕೈಯನ್ನು ಹುಡುಕಿತು.

ಆಗ, ಒಣ ತರಗೆಲೆಗಳ ಮೇಲೆ ಮೊದಲ ಹನಿಗಳು ಬಿದ್ದಂತೆ ಒಂದು ಸದ್ದು...

“ಇಳಿದ... ಇಳಿದ ಕಣೇ! ಕೊನೇ ಡಬ್ಬಿಯಿಂದ. ಇವಳಿಗೆ ಕಾಣ್ಲಿಲ್ಲ ಅಷ್ಟೇ.”

ದನಿ! ಒರಟಾದ, ಒಡೆದ, ಆದರೂ ತಾತನದೇ ಆದ ದನಿ! ತಾವೇ ಬೆಚ್ಚಿದವರಂತೆ ತಾತ ಗಂಟಲು ಮುಟ್ಟಿಕೊಂಡರು.

“ಅಯ್ಯೋ, ತುಕ್ಕು ಹಿಡಿದ ಬಾಗಿಲ ಹಾಗಿದೆಯಲ್ರೀ!” ಎಂದು ಬೈಯುತ್ತಲೇ ಅಜ್ಜಿ ಆ ಕೈಯನ್ನು ಕೆನ್ನೆಗೊತ್ತಿಕೊಂಡರು. ಬಹುದಿನಗಳಿಂದ ತಡೆದಿದ್ದ ಕಣ್ಣೀರು ಅದರ ಮೇಲೆ ಇಳಿಯಿತು. ಮನೆಯೇ ಒಮ್ಮೆ ನಿಟ್ಟುಸಿರು ಬಿಟ್ಟಂತಾಯಿತು.

ಸಿನಿಮಾ ಮುಗಿದ ಮೇಲೆ ಅಜ್ಜಿಯ ಹಿಂದೆಯೇ ಅಡುಗೆಮನೆಗೆ ಹೋದ ಗುಬ್ಬಿ ಪಿಸುಗುಟ್ಟಿದಳು. “ಅಜ್ಜಿ, ಎಲ್ಲಾ ಕೆಡಿಸಿಬಿಟ್ನಾ ನಾನು?”

“ಏನೂ ಕೆಟ್ಟಿಲ್ಲ ಹೋಗೇ. ಕಣ್ಣು ಚೆನ್ನಾಗಿದ್ದಾಗ, ಮದುವೆಗೆ ಮುಂಚೆ, ನಮ್ಮಕ್ಕನ ಜೊತೆ ಆ ಸಿನಿಮಾ ನೋಡಿದ್ದೆ. ಅವನು ಬರಲ್ಲ ಅಂತ ನಂಗೆ ಗೊತ್ತು.”

“ಮತ್ತೆ ತಾತ...?”

“ನಾನು ನೊಂದ್ಕೋಬಾರ್ದು ಅಂತ ಪ್ರತಿ ಸಲ ಅವನನ್ನ ಇಳಿಸ್ತಾರೆ ಪಾಪ. ಬೇಡ ಅನ್ನಕ್ಕಾಗತ್ತಾ? ಅವರಿಗೆ ಹೇಳ್ಬೇಡ, ಆಯ್ತಾ?”

ಗುಬ್ಬಿ ಆ ಬೆಳಕಿಲ್ಲದ ಕಣ್ಣುಗಳನ್ನೇ ನೋಡುತ್ತ ನಿಂತಳು. ಪ್ರೀತಿ ಎಂಬುದು ಯಾವಾಗಲೂ ಸತ್ಯವನ್ನು ಅರಿಯದೆ ನಂಬುವುದಲ್ಲ. ಎಲ್ಲವನ್ನೂ ಅರಿತೂ, ಎದುರಿನ ಜೀವ ಅಷ್ಟು ಅಕ್ಕರೆಯಿಂದ ಕಟ್ಟಿಕೊಟ್ಟ ಲೋಕದಲ್ಲಿ ಸಂತೋಷದಿಂದ ವಾಸಿಸುವುದೂ ಪ್ರೀತಿಯೇ ಅಲ್ಲವೇ!

ತಾತನ ಗಂಟಲಿಗೆ ನೋವಾಗದಂತೆ ಅನ್ನ ಸಾರನ್ನು ಮೆತ್ತಗೆ ಕಲಸಿ, ಬಿಸಿಯನ್ನು ಬೆರಳ ತುದಿಯಿಂದ ನೋಡಿ, ಅಜ್ಜಿ ಗೋಡೆ ಹಿಡಿದು ನಡೆದುಹೋದರು. ತಟ್ಟೆಯನ್ನು ತಾತನ ಕೈಗಿಟ್ಟರು.