ಅಡಿವೆಪ್ಪ ಬರೆದ ಕ್ಷಿಪಣಿ ಕಾನೂನು

ಕ್ಷಿಪಣಿ ತಡೆಯುವ ಕಾನೂನು ಬರೆಯಲು ಬಾರದೆ ಲಂಡನ್ನಿನ ಪಾರ್ಲಿಮೆಂಟಿನ ಆರುನೂರೈವತ್ತು ಸದಸ್ಯರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಅದೇ ದೇಶದ ಹಾರ್ಬೋರ್ನ್ ಎಂಬ ಊರಿನ ಅಡಿವೆಪ್ಪ ಒಂದು ಕಪ್ ಚಹಾ ಆರುವುದರೊಳಗೆ ಅದನ್ನು ಬರೆದುಕೊಟ್ಟಿದ್ದ. ಮರುದಿನ ಮೂವರು ಜನರಲ್‌ಗಳು ಮನೆ ಬಾಗಿಲಿಗೆ ಬಂದು ಸೆಲ್ಯೂಟ್ ಹೊಡೆದರಂತೆ. ಅವರ ಬೂಟಿನ ಏಟಿಗೆ ಫುಟ್‌ಪಾತು ಒಂದಡಿ ಕುಸಿಯಿತಂತೆ.

ಇದನ್ನು ಅವನು ಹೇಳುತ್ತಿದ್ದುದು ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ, ಹೆಂಡತಿ ಪ್ರಭಾವತಿಯ ಪಕ್ಕದ ಕುರ್ಚಿಯ ರೋಗಿ ಹರಿಶ್ಚಂದ್ರನಿಗೆ. ಇಬ್ಬರಿಗೂ ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ತಾಸು ರಕ್ತ ಸೋಸುವ ಯಂತ್ರ. ನಳಿಗೆ ಸಿಕ್ಕಿಸಿಕೊಂಡ ಹರಿಶ್ಚಂದ್ರ ಎದ್ದು ಹೋಗುವಂತಿರಲಿಲ್ಲ. ಅಂಥ ಕೇಳುಗ ಅಡಿವೆಪ್ಪನಿಗೆ ಮೂರು ಲೋಕದಲ್ಲೂ ಸಿಕ್ಕಿರಲಿಲ್ಲ.

ಪಾರ್ಲಿಮೆಂಟಿಗೆ ಅಡಿವೆಪ್ಪನ ಹೆಸರಿನಲ್ಲಿ ಒಂದು ಕಾಗದ ಹೋಗಿದ್ದಂತೂ ನಿಜ. ಕ್ಷಿಪಣಿ ದಾಳಿಯಿಂದ ದೇಶ ಕಾಯುವ ಮಸೂದೆಯೊಂದರ ಬಗ್ಗೆ ಪಾರ್ಲಿಮೆಂಟಿನ ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಎಚ್ಚರಿಕೆ ಬಂದ ಮೇಲೆ ಸಿಗುವುದು ಕೆಲವೇ ನಿಮಿಷ. ಯಂತ್ರಕ್ಕೆ ಜೋಡಿಸಿದವರು ಓಡುವುದು ಹೇಗೆ? ನಳಿಗೆ ಕ್ಲಿಪ್ಪು ಹಾಕಿ ತಾವೇ ಬಿಡಿಸಿಕೊಳ್ಳುವುದನ್ನು ಪ್ರತಿ ರೋಗಿಗೂ ಕಲಿಸಬೇಕು, ಅದು ಕಾನೂನಿನಲ್ಲೇ ಇರಬೇಕು ಎಂದು ಕಾಗದ ಹೇಳಿತ್ತು. ಸಮಿತಿ ತಮಗೆ ಅತ್ಯಂತ ಕೃತಜ್ಞವಾಗಿದೆ ಎಂಬ ಉತ್ತರ ಬಂತು. ಚರಂಡಿ ಕಟ್ಟಿದೆ ಎಂದು ಬರೆದವರಿಗೂ ಈ ದೇಶದ ಕಚೇರಿಗಳು ಹೀಗೇ ಬರೆಯುತ್ತವೆ. ಅಡಿವೆಪ್ಪ ಮಾತ್ರ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದ.

ಅಷ್ಟರಲ್ಲಿ ನರ್ಸ್ ಸಿದ್ದೀಕಾ ಬಂದಳು. ಹುಬ್ಬಳ್ಳಿಯವಳು, ನಾಲ್ಕು ವರ್ಷದಿಂದ ಪ್ರಭಾವತಿಗೆ ಸೂಜಿ ಚುಚ್ಚುವುದು ಅವಳೇ. ಮುಖ ಬಾಡಿತ್ತು. ಪ್ರಭಾವತಿ ಕೆದಕಿ ಕೇಳಿದ ಮೇಲೆ ಬಾಯಿಬಿಟ್ಟಳು. ವಾರ್ಡಿನ ಮುಖ್ಯಸ್ಥೆಯ ಹುದ್ದೆಗೆ ಸಂದರ್ಶನವಾಗಿತ್ತು. ರೋಗಿಗಳ ಸುರಕ್ಷತೆಗೆ ಏನು ಮಾಡಿದ್ದೀರಿ ಎಂದಾಗ ಆ ಕಾಗದ ಬರೆದವಳು ತಾನು ಎಂದಿದ್ದಳು. ಸಂದರ್ಶಕರು ಸಮಿತಿಯ ವೆಬ್‌ಸೈಟ್ ತೆಗೆದು ನೋಡಿದರೆ, ಕೆಳಗೆ ಅಡಿವೆಪ್ಪನ ಹೆಸರೊಂದೇ. ಇವತ್ತು ಮೂರು ಗಂಟೆಗೆ ಮತ್ತೆ ಕರೆದಿದ್ದರು.

"ಹುದ್ದೆ ಹೋದ್ರ ಹೋಗ್ಲಿ, ಕಾಕು. ನಾ ಸುಳ್ಳಿ ಅಂತ ತಿಳ್ಕೊಂಡಾರ," ಎಂದಳು.

ಪ್ರಭಾವತಿ ನಿಧಾನಕ್ಕೆ ಗಂಡನ ಕಡೆ ತಿರುಗಿದಳು. "ರೀ, ಈಕಿ ಹೇಳ್ದಾಂಗ ನೀವು ಟೈಪ್ ಮಾಡಿದ್ರಿ. ಇಬ್ಬರ ಹೆಸರೂ ಇತ್ತು. ನಾ ನೋಡೀನಿ."

ಅಡಿವೆಪ್ಪ ಮೊದಲು ಕಂಪ್ಯೂಟರನ್ನು ದೂರಿದ. ಆಮೇಲೆ, ಒಂದು ಕಾಗದಕ್ಕೆ ಒಂದೇ ಹೆಸರೆಂದು ಈ ದೇಶದಲ್ಲಿ ಸಾವಿರ ವರ್ಷದ ಕಟ್ಟಳೆ ಇದೆಯೆಂದ. ಪ್ರಭಾವತಿ ರೆಪ್ಪೆ ಬಡಿಯಲಿಲ್ಲ. ಹರಿಶ್ಚಂದ್ರ ಕೆಮ್ಮಿದ. ಗೋಡೆ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷವಿತ್ತು.

"ನಾನ ತಗದೆ," ಎಂದ ಅಡಿವೆಪ್ಪ. "ಕಳಿಸೋ ಮುಂದ ಈಕಿ ಹೆಸರು ಅಳಿಸಿದೆ."

ಸಿದ್ದೀಕಾ ಪ್ರಭಾವತಿಯ ನಳಿಗೆ ಹಚ್ಚಿದ ಪಟ್ಟಿ ಸರಿಮಾಡಿ ಹೊರಟಳು. ಅಡಿವೆಪ್ಪ ಹಿಂದೆಯೇ ಹೋದ.

ಸಂದರ್ಶಕರು ಮೂವರು ಕೂತಿದ್ದ ಕೋಣೆಯಲ್ಲಿ ಅವನು ಒಂದು ಪದವನ್ನೂ ಉಬ್ಬಿಸಲಿಲ್ಲ. ಆ ಕಾಗದದಲ್ಲಿ ತನ್ನದು ಬರೀ ಟೈಪಿಂಗ್, ಯೋಚನೆಯೆಲ್ಲ ಈಕೆಯದು, ಹೆಸರು ಅಳಿಸಿದ್ದು ತನ್ನ ತಪ್ಪು, ಸಮಿತಿಗೂ ಹಾಗೆಂದು ಇವತ್ತೇ ಬರೆಯುತ್ತೇನೆ ಎಂದ. ನಾಲ್ಕು ವರ್ಷ ಹೆಂಡತಿಯನ್ನು ಉಳಿಸಿಕೊಟ್ಟವಳಿಗೆ ಒಂದು ಸಲವೂ ಥ್ಯಾಂಕ್ಸ್ ಹೇಳಿಲ್ಲ ಎಂದೂ ಸೇರಿಸಿದ.

ಅವರು ಬರೆದುಕೊಂಡರು. ಹೊರಬಂದ ಮೇಲೆ ಸಿದ್ದೀಕಾ ಕೇಳಿದಳು: "ಯಾಕ್ರೀ ಕಾಕಾ ಹಂಗ ಮಾಡಿದ್ರಿ?"

ಅಡಿವೆಪ್ಪ ಕಾರಿಡಾರಿನ ಬೆಂಚಿನ ಮೇಲೆ ಕುಸಿದ. "ನೀ ನಿಮ್ಮ ಕಾಕೂಗ ನಳಿ ಬಿಡಿಸ್ಕೊಳ್ಳೋದು ಕಲಿಸೀದಿ. ನನಗೂ ಕಲಿಸ್ತೀನಿ ಅಂದಿದ್ದಿ. ನನಗ ಆ ರಕ್ತ ನೋಡಾಕ ಆಗಂಗಿಲ್ಲವ್ವಾ. ಅದಕ್ಕ ಆ ಕಡೆ ಬೆನ್ನು ಮಾಡಿ ಕುಂತು ಮಾತಾಡ್ತೀನಿ. ಆಕೀಗೆ ನಾನೂ ಏನರ ಮಾಡೀನಿ ಅಂತ ತೋರಿಸಾಕ ನನ್ನೊಬ್ಬನ ಹೆಸರಿನ ಒಂದು ಕಾಗದ ಬೇಕಾಗಿತ್ತು."