ಎಡಗೈಗೊಂದು ಚಾಕು

ಬೇಸಿಗೆ ಶಿಬಿರಕ್ಕೆ ಬರುವ ಮಕ್ಕಳೆಲ್ಲ ತಮ್ಮದೇ ಒಂದು ಸಣ್ಣ ಚಾಕು ತರಬೇಕು ಎಂದು ಶಿಬಿರದ ಮೇಡಂ ಪಾಲಕರ ಸಭೆಯಲ್ಲಿ ಹೇಳಿದಾಗ ಉಳಿದವರೆಲ್ಲ ತಲೆಯಾಡಿಸಿದರು. ನಾನೊಬ್ಬಳು ಕುರ್ಚಿಗೆ ಅಂಟಿಕೊಂಡಂತೆ ಕೂತೆ. ಕಟ್ಟಿಗೆ ಕೆತ್ತುವುದು, ಹಗ್ಗ ಕತ್ತರಿಸುವುದು ಕಲಿಸುತ್ತೇವೆ, ಪಕ್ಕದಲ್ಲಿ ಸದಾ ದೊಡ್ಡವರೊಬ್ಬರು ಇರುತ್ತಾರೆ ಎಂದೆಲ್ಲ ಅವರು ವಿವರಿಸಿದ್ದು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

ನನಗೆ ಚಾಕು ಕಂಡರೆ ಆಗುವುದಿಲ್ಲ. ನಮ್ಮ ಅಡುಗೆಮನೆಯಲ್ಲಿರುವುದು ಒಂದೇ ಒಂದು. ಅದರ ಮೊನೆಯನ್ನೂ ಉಜ್ಜಿಸಿ ಮೊಂಡು ಮಾಡಿಸಿದ್ದೇನೆ. ಅದರಿಂದ ಬೆಣ್ಣೆಗೂ ನೋವಾಗುವುದಿಲ್ಲ ಎಂದು ನಮ್ಮನೆಯವರು ಬಂದವರ ಮುಂದೆಲ್ಲ ನಗುತ್ತಾರೆ.

ಇದಕ್ಕೊಂದು ಕಾರಣವಿದೆ. ನಾನು ಚಿಕ್ಕವಳಿದ್ದಾಗ ಅಣ್ಣನ ಜೊತೆ ಇಂಥದ್ದೇ ಶಿಬಿರಕ್ಕೆ ಹೋಗಿದ್ದೆ. ಅಣ್ಣನ ಹತ್ತಿರ ಮಡಚುವ ಚಾಕು ಇತ್ತು. ತೆರೆದ ಅಲಗು ಹಾಗೇ ನಿಲ್ಲಲು ಅದರಲ್ಲಿ ಬೀಗ ಗೀಗ ಏನೂ ಇರಲಿಲ್ಲ. ಅವನು ಅದರ ಮೊನೆಯನ್ನು ಮರದ ಗಂಟಿಗೆ ಚುಚ್ಚಿ ತಿರುವುತ್ತಿದ್ದಾಗ ಅಲಗು ಫಕ್ಕನೆ ಮಡಚಿಕೊಂಡಿತು. ಬಲಗೈಯ ತೋರುಬೆರಳಿನ ತುದಿ ಹೋಯಿತು. ಆಮೇಲೆ ನಾವಿಬ್ಬರೂ ಆ ವಿಷಯ ಎತ್ತಿದ್ದೇ ಇಲ್ಲ.

ನನ್ನ ಮಗಳನ್ನು ಮನೆಯಲ್ಲಿ ಎಲ್ಲರೂ ಎಡಚಿ ಎನ್ನುತ್ತೇವೆ. ಬರೆಯುವುದು, ಚಿಲಕ ತೆಗೆಯುವುದು, ಕೊನೆಗೆ ಜಗಳದಲ್ಲಿ ಬೆರಳು ತೋರಿಸುವುದೂ ಎಡಗೈಯಲ್ಲೇ. ಅವಳಿಗೆ ಈ ಸಲ ಶಿಬಿರ ಬೇಡ ಎಂದೆ. ಜಗಳ ಮಾಡಿದ್ದರೆ ನನಗೂ ಸುಲಭವಾಗುತ್ತಿತ್ತು. ಅವಳು "ಆಯ್ತಮ್ಮ" ಎಂದು, ಆಗಲೇ ತುಂಬಿಟ್ಟಿದ್ದ ಬ್ಯಾಗಿನಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಕಪಾಟಿಗೆ ಮರಳಿಸಿದಳು.

ನಮ್ಮನೆಯವರು ಸುಮ್ಮನಿರುವ ಜಾತಿಯಲ್ಲ, ಅಣ್ಣನಿಗೆ ಫೋನು ಹಚ್ಚಿದರು. ಅಣ್ಣ ಸೋಫಾ ರಿಪೇರಿ ಮಾಡುತ್ತಾನೆ. ದಿನವಿಡೀ ರೆಕ್ಸಿನ್ನು, ಸ್ಪಂಜು ಕೊಯ್ಯುವುದೇ ಕೆಲಸ, ಅದೂ ಆ ಗಿಡ್ಡ ಬೆರಳಿನ ಕೈಯಲ್ಲೇ. ಭಾನುವಾರ ಬಂದವನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ. ಏನೂ ಕೊಳ್ಳುವುದು ಬೇಡ, ಸುಮ್ಮನೆ ಅಂಗಡಿಗೆ ಹೋಗಿ ನೋಡಿಕೊಂಡು ಬರೋಣ, ನಿನಗೆ ಬೇಡ ಅನ್ನಿಸಿದರೆ ಎಡಚಿಗೆ ನಾನೇ ಬೇಡ ಎಂದು ಹೇಳುತ್ತೇನೆ ಎಂದ. ಅವಳಿಗೆ ಬೇಡ ಎನ್ನುವ ಕೆಲಸ ಇನ್ನೊಬ್ಬರ ತಲೆಗೆ ಹೋಗುತ್ತದಲ್ಲ ಎಂಬ ಆಸೆಗೇ ನಾನು ಹೊರಟೆ.

ಬೀಗ, ಕತ್ತರಿ, ಚಾಕು ಮಾರುವ ಆ ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿತ್ತು. ಅಂಗಡಿಯ ಅಜ್ಜಿ ಗಾಜಿನ ಪೆಟ್ಟಿಗೆಯ ಮೇಲೆ ದಪ್ಪ ಬಟ್ಟೆ ಹಾಸಿ ಕೇಳಿದ್ದನ್ನೆಲ್ಲ ಅದರ ಮೇಲಿಟ್ಟರು. ಎಡಚಿಯ ಕಣ್ಣು ನೇರವಾಗಿ ಬೆನ್ನಿಗೆ ಗರಗಸದ ಹಲ್ಲಿರುವ, ಹಿಡಿಯ ತುದಿಗೆ ದಿಕ್ಸೂಚಿ ಅಂಟಿಸಿದ ದೊಡ್ಡ ಚಾಕುವಿನ ಮೇಲೆ ಬಿತ್ತು. ಅಣ್ಣ ಬೇಡ ಎನ್ನಲಿಲ್ಲ. ಕೈಗೆ ಕೊಟ್ಟು, ಮುಷ್ಟಿ ಪೂರ್ತಿ ಮುಚ್ಚುತ್ತದಾ ನೋಡು ಎಂದ. ಮುಚ್ಚಲಿಲ್ಲ. ಅವಳೇ ಮುಖ ಹುಳ್ಳಗೆ ಮಾಡಿ ಅದನ್ನು ಕೆಳಗಿಟ್ಟಳು.

ಆಮೇಲೆ ಅಜ್ಜಿ ಮಡಚುವ ಚಾಕು ಕೊಟ್ಟರು. ಚಂದವಾಗಿತ್ತು, ಅಲಗು ತಾನಾಗಿ ಬೀಳದಂತೆ ಒಳಗೆ ತಗಡಿನ ಬೀಗವೂ ಇತ್ತು. ಆದರೆ ಆ ತಗಡನ್ನು ಬಲಗೈಯ ಹೆಬ್ಬೆರಳಿನಿಂದ ತಳ್ಳುವಂತೆ ಮಾಡಿದ್ದರು. ಎಡಚಿ ಎಡಗೈಯಲ್ಲಿ ಹಿಡಿದು, ಹೆಬ್ಬೆರಳು ಎಟುಕದೆ, ತೋರುಬೆರಳು ಚಾಚಿ ತಳ್ಳಲು ಹೋದಳು. ಬೆರಳು ಸರಿಯಾಗಿ ಅಲಗು ಬೀಳುವ ಜಾಗದಲ್ಲೇ ಇತ್ತು. ಅಣ್ಣ ತಟ್ಟನೆ ಅಲಗಿನ ಬೆನ್ನನ್ನು ಹಿಡಿದು ನಿಲ್ಲಿಸಿದ.

ಏನೂ ಆಗಲಿಲ್ಲ. ಆದರೂ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅಣ್ಣನೂ ಬಂದು ಪಕ್ಕದಲ್ಲಿ ಕೂತ. ಎಡಚಿ ಒಳಗೆ ಅಜ್ಜಿಗೆ ಏನೋ ಕತೆ ಹೇಳುತ್ತಿರುವುದು ಕೇಳಿಸುತ್ತಿತ್ತು.

"ಅವತ್ತು ನಂಗೆ ಕೂಗೋಕೂ ಆಗ್ಲಿಲ್ಲ, ಗೊತ್ತಾ ನಿಂಗೆ?" ಎಂದ ಅಣ್ಣ. "ಕೂಗಿದ್ದು ನೀನು. ಬರಿಗಾಲಲ್ಲಿ ಅಷ್ಟು ದೂರ ಓಡಿಹೋಗಿ ದೊಡ್ಡವರನ್ನ ಕರ್ಕೊಂಡು ಬಂದಿದ್ದೂ ನೀನೇ. ಡಾಕ್ಟ್ರು ಹೊಲಿಗೆ ಹಾಕೋವಾಗ ನನ್ನ ಇನ್ನೊಂದು ಕೈ ಹಿಡ್ಕೊಂಡು ಕೂತಿದ್ದೆ ನೀನು. ಹೊರಗೆ ಹೋಗು ಅಂದ್ರೂ ಹೋಗಿರ್ಲಿಲ್ಲ."

"ನಾನಾ?" ಎಂದೆ. ನನ್ನ ನೆನಪಿನಲ್ಲಿ ನಾನು ಬರೀ ಅಳುತ್ತ ನಿಂತಿದ್ದ ಹುಡುಗಿ. ಓಡಿದ್ದು ನಿಜಕ್ಕೂ ನೆನಪಿರಲಿಲ್ಲ.

"ಮತ್ತಿನ್ಯಾರು? ಇಷ್ಟು ವರ್ಷ ಆಯ್ತು, ಒಂದು ಸಲಾನೂ ನಿಂಗೆ ಹೇಳಿಲ್ಲ ನಾನು. ನೀನಿದ್ದೆ ಅಂತ ಬೆರಳ ತುದೀಲೇ ಮುಗೀತು ಕಣೇ. ತುಂಬ ಉಪಕಾರ ಆಯ್ತು."

ಅಣ್ಣ ತಂಗಿಗೆ ಹೀಗೆಲ್ಲ ಹೇಳುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಅವನು ಹೇಳಿ ಮುಗಿಸಿ ರಸ್ತೆಯ ಕಡೆ ನೋಡುತ್ತ ಕೂತ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಎದ್ದು ಒಳಗೆ ಹೋದೆ. ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಅಲ್ಲಿ ಮೊದಲು ಫ್ರೇಮು ನೋಡುವುದಿಲ್ಲ, ಮುಖ ನೋಡುತ್ತೇವೆ. ಮೂಗು ಎಷ್ಟು ಎತ್ತರ, ಕಿವಿ ಎಷ್ಟು ಹಿಂದೆ ಎಂದು. ಎಡಚಿಯ ಎಡಗೈಯನ್ನು ಹಾಗೆಯೇ ನನ್ನ ಕೈಯಲ್ಲಿಟ್ಟುಕೊಂಡು ನೋಡಿದೆ. ಅಗಲವಾದ ಅಂಗೈ, ಗಿಡ್ಡ ಬೆರಳು, ಬೇಗ ಬೆವರುವ ಚರ್ಮ. ಮಡಚದೆ ಇರುವಂಥದ್ದು ಬೇಕು ಎಂದೆ ಅಜ್ಜಿಗೆ. ಅಲಗು ಗಿಡ್ಡವಿರಬೇಕು, ಮೊನೆ ಗುಂಡಗಿರಬೇಕು, ಕೈ ಮುಂದೆ ಜಾರಿದರೆ ತಡೆಯಲು ಹಿಡಿಯ ಬಳಿ ಅಡ್ಡಪಟ್ಟಿ ಇರಬೇಕು, ಎರಡೂ ಕೈಗೆ ಒಂದೇ ಥರ ಒಗ್ಗಬೇಕು. ಹರಿತ ಕಮ್ಮಿ ಇರಲಿ ಎಂದೂ ಸೇರಿಸಿದೆ. ಅದಕ್ಕೆ ಮಾತ್ರ ಅಣ್ಣ ಒಪ್ಪಲಿಲ್ಲ. ಮೊಂಡು ಚಾಕುವಿಗೆ ಜೋರು ಹಾಕಬೇಕಾಗುತ್ತದೆ, ಜೋರು ಹಾಕಿದಾಗಲೇ ಅದು ಜಾರಿ ಕೈಗೆ ಬರುವುದು ಎಂದ. ಸರಿ, ಹರಿತವೇ ಇರಲಿ ಎಂದೆ. ನನ್ನ ಬಾಯಿಂದಲೇ ಆ ಮಾತು ಬಂತು.

ಅಜ್ಜಿ ಹುಡುಕಿ ತಂದದ್ದು ಕಿತ್ತಳೆ ಬಣ್ಣದ ಹಿಡಿಯ, ನೋಡಲು ಏನೂ ಠೀವಿಯಿಲ್ಲದ ಚಾಕು. ಒರೆಯಲ್ಲಿಟ್ಟರೆ ಟಿಕ್ ಎಂದು ಕೂರುತ್ತಿತ್ತು. ಎಡಚಿ ಹಿಡಿದಳು, ಮುಷ್ಟಿ ಪೂರ್ತಿ ಮುಚ್ಚಿತು. "ಅಮ್ಮಾ, ಇದು ನಂಗೇ ಮಾಡಿಸಿದ ಹಾಗಿದೆ," ಎಂದಳು.

ಶಿಬಿರದವರೆಗೆ ದಿನಾ ಸಂಜೆ ಅವಳು ಮಾವನ ವರ್ಕ್‌ಶಾಪಿನಲ್ಲಿ, ಹರಿದ ಸೋಫಾಗಳ ನಡುವೆ ಕೂತು ಕಟ್ಟಿಗೆ ಕೆತ್ತಿದಳು. ಅಲಗು ಯಾವಾಗಲೂ ಮೈಯಿಂದ ಆಚೆಗೆ ಹೋಗಬೇಕು, ಸುತ್ತ ಕೈ ಚಾಚಿದಷ್ಟು ದೂರದಲ್ಲಿ ಯಾರೂ ಇರಬಾರದು, ಎದ್ದು ನಡೆಯುವ ಮೊದಲು ಚಾಕು ಒರೆಯೊಳಗೆ ಹೋಗಬೇಕು. ಅಣ್ಣ ಇದನ್ನು ಎಷ್ಟು ಸಲ ಹೇಳಿದನೆಂದರೆ ಅವಳು ಊಟದ ಚಮಚ ಹಿಡಿದಾಗಲೂ ಅಕ್ಕಪಕ್ಕ ನೋಡತೊಡಗಿದಳು. ಒಮ್ಮೆ ನಾನೂ ಕೂತು ಒಂದು ಕಡ್ಡಿಯ ಸಿಪ್ಪೆ ಹೆರೆದೆ. ಸಿಪ್ಪೆ ಸುರುಳಿಯಾಗಿ ಬಂತು.

ಶಿಬಿರ ಮುಗಿಯುವ ದಿನ ಪಾಲಕರನ್ನು ಕರೆದಿದ್ದರು. ಅಣ್ಣನೂ ಬಂದ. ನಾನು ಮೊದಲು ಎಣಿಸಿದ್ದು ಎಡಚಿಯ ಬೆರಳುಗಳನ್ನು. ಎಲ್ಲ ಸರಿಯಾಗಿದ್ದವು, ಒಂದಕ್ಕೆ ಮಾತ್ರ ಸಣ್ಣ ಬ್ಯಾಂಡೇಜು. ಅದು ಚಾಕುವಿನಿಂದ ಆದದ್ದಲ್ಲ, ಡಬ್ಬಿಯ ಮುಚ್ಚಳ ತರಚಿದ್ದು ಎಂದು ಅವಳು ಕೇಳುವ ಮೊದಲೇ ವರದಿ ಒಪ್ಪಿಸಿದಳು.

ಅಷ್ಟರಲ್ಲಿ ಪರಿಚಯವಿಲ್ಲದ ಹೆಂಗಸೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಮಗಳು ಶಿಬಿರದ ಎಲ್ಲರಿಗಿಂತ ಚಿಕ್ಕವಳು, ಅವಳೂ ಎಡಗೈಯವಳು. ತಂದಿದ್ದ ಮಡಚುವ ಚಾಕು ಕೈಗೆ ಒಗ್ಗದೆ, ನನಗೆ ಏನೂ ಬರಲ್ಲ, ಮನೆಗೆ ಕರ್ಕೊಂಡು ಹೋಗಿ ಎಂದು ಮೊದಲ ದಿನವೇ ಫೋನಿನಲ್ಲಿ ಅತ್ತಿದ್ದಳಂತೆ. ಎಡಚಿ ತನ್ನ ಚಾಕುವನ್ನು ಅವಳಿಗೂ ಸರದಿಯ ಮೇಲೆ ಕೊಟ್ಟು, ದಿನಾ ಪಕ್ಕದಲ್ಲಿ ಕೂತು ಕಲಿಸಿದ್ದಳು.

"ನಿಮ್ಮ ಮಗಳು ಇರದಿದ್ರೆ ನಮ್ಮವಳು ಎರಡನೇ ದಿನಾನೇ ಮನೇಲಿರ್ತಿದ್ಲು. ನಿಮಗೆ ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ," ಎಂದು ಅವರು ನನ್ನ ಕೈ ಹಿಡಿದುಕೊಂಡರು.

"ನಂಗಲ್ಲ, ನಮ್ಮಣ್ಣನಿಗೆ ಹೇಳಿ, ಅವಳಿಗೆ ಕಲಿಸಿದ್ದು ಅವನು," ಎಂದು ಅಣ್ಣನನ್ನು ತೋರಿಸಿದೆ. ಅವನು ಆಚೆ ಬದಿಯಲ್ಲಿ ಡೇರೆ ಮಡಚಲು ಸಹಾಯ ಮಾಡಲು ಹೋಗಿ, ಬಟ್ಟೆಯೊಳಗೆ ಪೂರ್ತಿ ಸಿಕ್ಕಿಬಿದ್ದಿದ್ದ. ಮಕ್ಕಳೆಲ್ಲ ಒಂದೊಂದು ಮೂಲೆ ಹಿಡಿದು ಅವನನ್ನು ಹೊರಗೆಳೆಯುತ್ತಿದ್ದರು. ಆ ತಾಯಿ ಅವನ ಕಡೆ ನಡೆದರು. ಅವರಿಗಿಂತ ಮೊದಲು ನಾನೇ ಅವನಿಗೆ ಉಪಕಾರ ಆಯ್ತು ಎಂದು ಹೇಳಬೇಕು ಅನ್ನಿಸಿ, ನಾನೂ ಬೇಗ ಬೇಗ ಹೆಜ್ಜೆ ಹಾಕಿದೆ.